ಸೀಟಿ ಊದದ ಪಿ.ಟಿ. ಮೇಡಂ

ಹೋದ ತಿಂಗಳು ಒಂದು ಬೆಳಿಗ್ಗೆ ಕೊಳ್ಳೇಗಾಲದ ನನ್ನ ಮನೆಯಲ್ಲಿ ಪೇಪರು ಹರಡಿಕೊಂಡು ಕೂತಿದ್ದೆ. ರಾಜಮ್ಮನ ಫೋನು ಬಂತು. ನಾನು ಗಣಿತದ ಮೇಷ್ಟ್ರಾಗಿ ಬಹಳ ವರ್ಷ ಇದ್ದ ಊರಿನ ರೈತ ಹೆಂಗಸು ಆಕೆ. ಸುಮ್ಮಸುಮ್ಮನೆ ಫೋನು ಮಾಡುವವಳಲ್ಲ.

"ಸಾ, ನಮ್ ಪೀಟಿ ಮೇಡಮ್ಮ ಓಗ್ಬುಟ್ರು," ಎಂದಳು. "ಬಾಗ್ಲಲ್ಲಿ ಕುರ್ಚಿ ಆಕ್ಕಂಡು ಕೂತಿದ್ರು, ಅಂಗೇ ಓಗವ್ರೆ. ಕಾಫಿ ತಕಂಡೋಗಿ ನೋಡುದ್ರೆ ಮೈ ತಣ್ಗಾಗದೆ."

ನಾನು ಏನೋ ಹೇಳಲು ಹೋದೆ. ಆಕೆ ಕೇಳಿಸಿಕೊಳ್ಳಲಿಲ್ಲ.

"ಇನ್ ಮುಂದ್ಕೆ ನಾನ್ ಊದುದ್ರೆ ಕೇಳುಸ್ಕಳೋರ್ ಯಾರು ಸಾ?"

ಈ ಪ್ರಶ್ನೆ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಆ ಊರು ಲೊಕ್ಕನಹಳ್ಳಿಗಿಂತಲೂ ಒಳಗೆ, ಕಾಡಿನ ಅಂಚಿನಲ್ಲಿದೆ. ಹೆಸರು ಬರೆಯುವುದಿಲ್ಲ, ಊರಿನವರಿಗೆ ಇಷ್ಟವಾಗಲಿಕ್ಕಿಲ್ಲ. ರಾಗಿ, ಜೋಳ ತೆನೆ ಕಟ್ಟಿದ ಮೇಲೆ ಅಲ್ಲಿ ಪ್ರತಿ ಹೊಲದಲ್ಲೂ ಒಬ್ಬರು ಅಟ್ಟಣೆ ಹತ್ತಿ ಕಾವಲು ಕೂರಬೇಕು. ರಾಜಮ್ಮ ಒಂಟಿ ಹೆಂಗಸು. ತನ್ನ ಹೊಲವನ್ನು ತಾನೇ ಕಾಯುತ್ತಾಳೆ. ಕೊರಳಲ್ಲಿ ಒಂದು ಸೀಟಿ ಇರುತ್ತದೆ. ಆನೆ ಬಂದರೆ ಅದನ್ನು ಊದಬೇಕು, ಊರಿನಲ್ಲಿ ಯಾರಾದರೂ ಕೇಳಿಸಿಕೊಂಡು ಜನ ಕಟ್ಟಿಕೊಂಡು ಓಡಿ ಬರಬೇಕು. ಊದುವುದು ಎಷ್ಟು ಮುಖ್ಯವೋ ಕೇಳಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಇಷ್ಟು ವರ್ಷ ಆ ಕೆಲಸ ಮಾಡಿದವರು ನಮ್ಮ ಪಿ.ಟಿ. ಮೇಡಂ.

ಅವರ ಹೆಸರನ್ನೂ ನಾನು ಬರೆಯುವುದಿಲ್ಲ. ಬದುಕಿದ್ದಾಗ ಹಾರ ಹಾಕಿಸಿಕೊಳ್ಳಲು ಕರೆದರೆ ಶೌಚಾಲಯದ ಕಡೆ ಹೋಗಿ ನಿಲ್ಲುತ್ತಿದ್ದ ಜೀವ ಅದು. ಊರಿನಲ್ಲಿ ಎಲ್ಲರಿಗೂ ಅವರು ಪೀಟಿ ಮೇಡಮ್ಮ. ನನಗೂ ಮೇಡಮ್ಮೇ.

ಯಳಂದೂರಿನ ಕಡೆಯವರು. ಉದ್ದನೆಯ, ಒಣಕಲು ಆಳು. ನೂಲಿನ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಎಂಥ ಚಳಿಯಲ್ಲೂ ತಲೆಗೆ ಬಟ್ಟೆ ಕಟ್ಟಿದ್ದನ್ನು ನಾನು ನೋಡಲಿಲ್ಲ. ಕಿವಿಯ ಮೇಲೆ ಒಂದು ಎಳೆ ಕೂದಲು ಬೀಳದ ಹಾಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಪಡುವಲ ಕಿಟಕಿಯ ಪಕ್ಕದ ಕುರ್ಚಿ ಅವರದು, ಏಕೆಂದರೆ ಪಡುವಲಿಗೆ ಕಾಡಿತ್ತು. ನಾವು ಮಾತಾಡುತ್ತಿದ್ದರೆ ನಮ್ಮ ಕಡೆ ಮುಖ ಇರುತ್ತಿರಲಿಲ್ಲ. ಮಾತಿನ ನಡುವೆ ತಟ್ಟನೆ ಒಂದು ಬೆರಳು ಎತ್ತುತ್ತಿದ್ದರು. ಅಂದರೆ ಸುಮ್ಮನಿರಿ ಎಂದು. ನಾವು ಹೆಡ್‌ಮಾಸ್ಟರ ಮೇಲೆ ದೂರು ಹೇಳುತ್ತಿರಲಿ, ಸಂಬಳದ ಬಡ್ತಿಯ ಮಾತಾಡುತ್ತಿರಲಿ, ಬಾಯಿ ಮುಚ್ಚಲೇಬೇಕು. ಅವರು ಕೇಳಿಸಿಕೊಂಡು, ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಬೆರಳು ಇಳಿಸುತ್ತಿದ್ದರು. ಮೊದಮೊದಲು ನನಗೆ ಇದು ಬಹಳ ಸಿಟ್ಟು ತರಿಸುತ್ತಿತ್ತು. ನಾನು ಜೋಕು ಹೇಳುವಾಗಲೇ ಬೆರಳು ಎತ್ತುತ್ತಾರೆ ಎಂದು ನನ್ನ ಗುಮಾನಿ.

ಆ ಊರಿನಲ್ಲಿ ಸೀಟಿ ಎಂದರೆ ಒಂದೇ ಅರ್ಥ: ಆನೆ ತಡೆಯಲು ಕಾಡಂಚಿಗೆ ತೋಡಿದ ಕಂದಕವನ್ನು ಆನೆ ದಾಟಿದೆ. ಹಾಗಾಗಿ ಬೇರೆ ಯಾವ ಕಾರಣಕ್ಕೂ ಅಲ್ಲಿ ಯಾರೂ ಸೀಟಿ ಊದುವುದಿಲ್ಲ. ಮಗು ಆಟಕ್ಕೆ ಊದಿದರೆ ಬೆನ್ನಿಗೆ ಗುದ್ದು ಬೀಳುತ್ತದೆ. ಹನೂರಿನಿಂದ ಊದಿಕೊಂಡು ಬರುವ ಬಸ್ಸಿನ ಕಂಡಕ್ಟರು ಕೂಡ ಕೆರೆಯ ತಿರುವು ಬಂದ ಮೇಲೆ ಸೀಟಿಯನ್ನು ಜೇಬಿಗೆ ಹಾಕಿ ಬಸ್ಸಿನ ಮೈ ತಟ್ಟುತ್ತಾನೆ. ಅಂಥ ಊರಿಗೆ ಪಿ.ಟಿ. ಟೀಚರಾಗಿ ಬಂದ ಈ ಹೆಂಗಸು ಮೊದಲ ವಾರವೇ ತಮ್ಮ ಸೀಟಿಯನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿದರು. ಒಂದು ಚಪ್ಪಾಳೆಗೆ ಆಟ ಶುರು, ಎರಡು ಚಪ್ಪಾಳೆಗೆ ಆಟ ನಿಲ್ಲಿಸಿ ಸುಮ್ಮನೆ ನಿಲ್ಲಬೇಕು. ಮಕ್ಕಳು ಅದಕ್ಕೇ ಒಗ್ಗಿಕೊಂಡರು.

ನಾನು ರೇಗಿಸುತ್ತಿದ್ದೆ. "ಸೀಟಿ ಇಲ್ಲದ ಪಿ.ಟಿ. ಟೀಚರ್ರು, ಸೀಮೆಸುಣ್ಣ ಇಲ್ಲದ ಗಣಿತದ ಮೇಷ್ಟ್ರು, ಎರಡೂ ಒಂದೇ ಮೇಡಂ."

"ನಿಮ್ ಸೀಮೆಸುಣ್ಣುಕ್ಕೆ ಊರು ಎದ್ದು ಓಡಲ್ವಲ್ಲ ಮೇಷ್ಟ್ರೇ," ಎನ್ನುತ್ತಿದ್ದರು, ಕಿಟಕಿಯ ಕಡೆಯೇ ನೋಡುತ್ತ.

ಊರು ಎದ್ದು ಓಡುವುದನ್ನೂ ಒಂದು ಸಲ ನೋಡಿದೆ. ತಪಾಸಣೆಗೆ ಬಂದ ಸಾಹೇಬರೊಬ್ಬರು, ಹೊಸಬರು, ಕವಾಯತು ನೋಡಬೇಕೆಂದರು. ಮೇಡಂ ಚಪ್ಪಾಳೆ ತಟ್ಟಿದ್ದನ್ನು ನೋಡಿ ಅವರಿಗೆ ನಗು ಬಂತು. ತಮ್ಮ ಡ್ರೈವರನ ಕೈಯಿಂದ ಸೀಟಿ ಇಸಿದುಕೊಂಡು ತಾವೇ ಜೋರಾಗಿ ಊದಿದರು. ಸಾಲಾಗಿ ನಿಂತಿದ್ದ ಮಕ್ಕಳು ಒಂದೇ ಉಸಿರಿಗೆ ಶಾಲೆಯ ಒಳಕ್ಕೆ ನುಗ್ಗಿದವು. ಅಡುಗೆಯವಳು ಸೌಟು ಹಿಡಿದೇ ಓಡಿದಳು. ಕಳೆ ಕೀಳುತ್ತಿದ್ದ ಹೆಂಗಸರು ಬದುವಿನ ಮೇಲೆ ಎದ್ದುಬಿದ್ದು ಬಂದರು. ಮೈದಾನದಲ್ಲಿ ಸಾಹೇಬರೊಬ್ಬರೇ ಉಳಿದರು. ಅವರಿಗೆ ಸಿಟ್ಟು ಬಂತು, ಮೇಡಂಗೆ ನೋಟೀಸೂ ಬಂತು. ನಾವು ಎಷ್ಟೋ ದಿನ ಅದನ್ನು ಹೇಳಿಕೊಂಡು ನಕ್ಕೆವು. ಮೇಡಂ ನಗಲಿಲ್ಲ. "ಒಂದ್ ಸುಳ್ ಸೀಟಿ ಊದುದ್ರೆ, ಮುಂದಿನ್ ನಿಜುದ್ ಸೀಟಿಗೆ ಒಬ್ರು ಕಮ್ಮಿ ಓಡ್ತಾರೆ," ಎಂದರು. ಆಗ ಆ ಮಾತು ನನಗೆ ಅತಿ ಅನ್ನಿಸಿತು.

ಫುಟ್‌ಬಾಲು ಆ ಊರಿಗೆ ಬಂದದ್ದು ಮಾರ್ಟಳ್ಳಿಯಿಂದ. ತಾಲ್ಲೂಕು ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋದ ಮೇಡಂ, ಮಾರ್ಟಳ್ಳಿಯ ಹುಡುಗಿಯರು ಬರಿಗಾಲಲ್ಲಿ ಚೆಂಡು ಒದೆಯುವುದನ್ನು ನಿಂತು ನೋಡಿದರಂತೆ. ಬರುವಾಗ ಕಂಕುಳಲ್ಲಿ ಒಂದು ಹಳೇ ಚೆಂಡು ಇತ್ತು. ರಜಾ ದಿನಗಳಲ್ಲಿ ಆ ಹುಡುಗಿಯರನ್ನೂ ಕರೆಸಿ ಆಡಿಸಿದರು. ನಮ್ಮ ಮಕ್ಕಳು ಆಟದ ಜೊತೆ ಅವರ ತಮಿಳನ್ನೂ ಕಲಿತವು. ಇಂದಿಗೂ ಆ ಮೈದಾನದಲ್ಲಿ ಚೆಂಡು ಬೇಕಾದವರು "ಇಲ್ಲಿ" ಎನ್ನುವುದಿಲ್ಲ, "ಇಂಗೆ, ಇಂಗೆ" ಎಂದೇ ಕೂಗುತ್ತಾರೆ.

ಸೂರ್ಯ ಬೆಟ್ಟ ಮುಟ್ಟುವ ಮುಂಚೆ ಎರಡು ಚಪ್ಪಾಳೆ. ಅಲ್ಲಿಗೆ ಆಟ ಮುಗಿಯಿತು. ಹುಡುಗಿಯರು ಗುಂಪಾಗಿ ಮನೆಗೆ ಹೊರಟರೆ ಮೇಡಂ ಮೈದಾನದ ಕಲ್ಲಿನ ಮೇಲೆ ನಿಂತಿರುತ್ತಿದ್ದರು. ಮನೆ ಸೇರಿದ ಹುಡುಗಿ ಜಗಲಿಯ ದೀಪ ಹಾಕಬೇಕು. ಒಂದೊಂದೇ ದೀಪ ಹತ್ತಿಕೊಳ್ಳುತ್ತ ಹೋಗಿ, ಎಲ್ಲಕ್ಕಿಂತ ದೂರದ, ಕಂದಕದ ಪಕ್ಕದ ಮನೆಯ ದೀಪ ಹತ್ತಿದ ಮೇಲೆ ಮೇಡಂ ಕಲ್ಲಿನಿಂದ ಇಳಿಯುತ್ತಿದ್ದರು. ಆ ಕೊನೆಯ ಮನೆ ಪವಿತ್ರಳದು. ರಾಜಮ್ಮನ ಮಗಳು.

ಆ ಹುಡುಗಿಯ ಕಾಲಿನ ಚಳಕದ ಬಗ್ಗೆ ನಾನು ಹೇಳಬಲ್ಲದ್ದು ಕಡಿಮೆ. ಗಣಿತದಲ್ಲಿ ದಡ್ಡಿ, ಅದು ಮಾತ್ರ ನನಗೆ ಖಂಡಿತ ಗೊತ್ತು. ಮೇಡಂ ಮಾತ್ರ ಅವಳು ಓಡುವುದನ್ನು ನೋಡುವಾಗ ಕಾಡಿನ ಕಡೆಯಿಂದ ಅರೆಕ್ಷಣ ಮುಖ ತಿರುಗಿಸುತ್ತಿದ್ದರು. ಬೇರೆ ಯಾರಿಗೂ, ಯಾವುದಕ್ಕೂ ಅವರು ಹಾಗೆ ತಿರುಗಿದವರಲ್ಲ.

ಮೈಸೂರಿನಲ್ಲಿ ರಾಜ್ಯ ತಂಡಕ್ಕೆ ಆಯ್ಕೆ ನಡೆಯಿತು. ಆಟ ಶುರುವಾಗಲು ರೆಫ್ರಿ ಸೀಟಿ ಊದಿದ್ದೇ ತಡ, ಪವಿತ್ರ ಚೆಂಡು ಬಿಟ್ಟು ಮೈದಾನದಿಂದ ಹೊರಗೆ ಓಡಿದಳು. ಒಂದು ಸಲವಲ್ಲ, ಮತ್ತೆ ಊದಿದಾಗ ಮತ್ತೆ ಓಡಿದಳು. ಆಯ್ಕೆಗೆ ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಹುಡುಗಿ ಬಸ್ಸಿನಲ್ಲಿ ಕೊಳ್ಳೇಗಾಲದವರೆಗೂ ಅತ್ತಿತು.

ಅಲ್ಲಿಂದ ಶುರುವಾಯಿತು ಭಾನುವಾರಗಳ ಕೆಲಸ. ಊರಿನಲ್ಲಿ ಊದುವ ಹಾಗಿಲ್ಲವಲ್ಲ. ಮೊದಲ ಬಸ್ಸಿಗೆ ಪವಿತ್ರಳನ್ನು ಹತ್ತಿಸಿಕೊಂಡು ಕೊಳ್ಳೇಗಾಲಕ್ಕೆ ಬರುತ್ತಿದ್ದರು. ಅಲ್ಲೊಂದು ಮೈದಾನದಲ್ಲಿ, ಕ್ರಿಕೆಟ್ ಹುಡುಗರ ಗಲಾಟೆಯ ನಡುವೆ, ಕರವಸ್ತ್ರ ಬಿಚ್ಚಿ ಆ ಸೀಟಿ ಹೊರಗೆ ತೆಗೆಯುತ್ತಿದ್ದರು. ಭಾನುವಾರ ಮನೆಗೆ ಬಂದಿರುತ್ತಿದ್ದ ನಾನೂ ಹೋಗಿ ಕೂರುತ್ತಿದ್ದೆ. ಅವರು ಊದುವುದು, ಹುಡುಗಿ ಬೆಚ್ಚುವುದು. ಮತ್ತೆ ಊದುವುದು. "ಓಡ್ಬೇಡ ಕೂಸೇ. ಇದು ಅದಲ್ಲ. ಇದು ಆಟುದ್ದು." ತಿಂಗಳುಗಟ್ಟಲೆ ನಡೆಯಿತು. ಕೊನೆಗೊಂದು ಭಾನುವಾರ ಮೇಡಂ ಅವಳ ಬೆನ್ನ ಹಿಂದೆಯೇ ನಿಂತು ಊದಿದರೂ ಹುಡುಗಿ ತಲೆ ಎತ್ತದೆ ಚೆಂಡು ಒದ್ದಳು. ನಾನು ಭೇಷ್ ಎಂದೆ. ಮೇಡಂ ಮುಖದಲ್ಲಿ ಗೆಲುವಿರಲಿಲ್ಲ.

"ಈ ಮಗಿನ್ ಕಿವೀಲಿದ್ ಭಯ ತೆಗ್ದಾಕ್ಬುಟ್ಟೆ ಮೇಷ್ಟ್ರೇ," ಎಂದರು. "ಅವಳ ಮನೆ ಕಂದಕದ್ ಪಕ್ಕ ಅದೆ. ನಾಳೆ ಏನಾದ್ರೂ ಆದ್ರೆ ಯಾರ್ ಒಣೆ?"

"ಬಿಡ್ತು ಅನ್ನಿ ಮೇಡಂ, ಎಲ್ಲದಕ್ಕೂ ನಿಮ್ಮದೊಂದು," ಎಂದೆ. ಅವರು ಬೆರಳು ಎತ್ತಿದರು. ಕೊಳ್ಳೇಗಾಲದ ಮಧ್ಯೆ ಯಾವ ಆನೆ ಬರಬೇಕು? ಆದರೂ ನಾನು ಬಾಯಿ ಮುಚ್ಚಿಕೊಂಡೆ.

ಹೀಗೆ ಆ ಹುಡುಗಿ ರಾಜ್ಯ ತಂಡಕ್ಕೆ ಹೋಗಿ, ಅಲ್ಲಿಂದ ದೇಶದ ಕಿರಿಯರ ತಂಡಕ್ಕೂ ಹೋದಳು. ಸುತ್ತಮುತ್ತಲ ದೇಶಗಳ ಹೆಣ್ಣುಮಕ್ಕಳೆಲ್ಲ ಸೇರಿ ಆಡುವ ಫುಟ್‌ಬಾಲ್ ಪಂದ್ಯಾವಳಿ ಪಕ್ಕದ ದೇಶದಲ್ಲಿ ನಡೆಯುತ್ತಿತ್ತು. ವಿಮಾನ ಹತ್ತುವ ಮುಂಚೆ ಅವಳು ಬೂಟು ಹಾಕಿಕೊಂಡ ಫೋಟೋ ಕಳಿಸಿದ್ದಳು. ಮೇಡಂ ಅದನ್ನು ಅಡುಗೆಯವಳಿಂದ ಹಿಡಿದು ಕಂಡಕ್ಟರವರೆಗೆ ಎಲ್ಲರಿಗೂ ತೋರಿಸಿದರು. ಅವರಿಗೂ ಹೀಗೆ ತೋರಿಸಿಕೊಳ್ಳುವ ಆಸೆ ಇದೆ ಎಂದು ನನಗೆ ಅಂದೇ ಗೊತ್ತಾದದ್ದು. ಬಹಳ ಸಂತೋಷವಾಯಿತು.

ನಮ್ಮ ತಂಡ ಸೆಮಿಫೈನಲ್ಲಿಗೆ ಬಂತು. ಊರಿನ ಯುವಕರು ಕೊಳ್ಳೇಗಾಲದಿಂದ ದೊಡ್ಡ ಪರದೆ ತಂದು ಶಾಲೆಯ ಮೂಡಲ ಕಾಂಪೌಂಡ್ ಗೋಡೆಗೆ ಒಳಗಡೆಯಿಂದ ಕಟ್ಟಿದರು. ಜೊತೆಗೆ ಆಳೆತ್ತರದ ಸೌಂಡ್ ಬಾಕ್ಸು. ಅದನ್ನು ನೋಡಿದ್ದೇ ಮೇಡಂ ತಡೆದರು.

"ಚಿತ್ರ ತೋರ್ಸಿ, ಸದ್ದು ಬ್ಯಾಡಿ. ಅದ್ರಲ್ಲಿ ಸೀಟಿ ಊದ್ತಾರೆ ಕಣ್ರಪ್ಪಾ."

"ಸದ್ದಿಲ್ದೇ ಏನ್ ಮ್ಯಾಚು ಮೇಡಮ್ಮ? ನಮ್ಮೂರ್ ಎಸ್ರು ಏಳ್ತಾರೆ ಅದ್ರಲ್ಲಿ," ಎಂದ ಒಬ್ಬ. ಹಿರಿಯರೂ ಅವನ ಮಾತಿಗೇ ಸೇರಿದರು. ಕೊನೆಗೆ ಸದ್ದು ಸಣ್ಣಗೆ ಇಡುವುದು ಎಂದಾಯಿತು.

ಆ ವಾರ ರಾಗಿ ಬಲಿತು ನಿಂತಿತ್ತು. ಹಿಂದಿನ ಎರಡು ದಿನ ಕಂದಕದ ಆಚೆ ಹಿಂಡು ಕಂಡವರಿದ್ದರು. ಆದರೂ ಅಂದು ಸಂಜೆ ಒಂದೊಂದೇ ಅಟ್ಟಣೆಯಿಂದ ಜನ ಇಳಿದು ಬಂದರು. ಮ್ಯಾಚು ಮುಗಿಸಿ ಹತ್ತಿಕೊಂಡರಾಯಿತು ಎಂದು ಎಲ್ಲರ ಲೆಕ್ಕ. ಇಳಿಯದೆ ಉಳಿದವನು ಒಬ್ಬನೇ, ಪವಿತ್ರಳ ಅಪ್ಪ ಸಿದ್ದಪ್ಪ. ಮಗಳ ಆಟ ನೋಡಲು ಬಾರಪ್ಪ ಎಂದು ಕರೆಯಲು ಮೇಡಂ ಜೊತೆ ನಾನೂ ಅವನ ಹೊಲಕ್ಕೆ ಹೋಗಿದ್ದೆ.

"ನೀವೆಲ್ಲ ನೋಡಿ ಮೇಡಮ್ಮ," ಎಂದ ಅಟ್ಟಣೆಯ ಮೇಲಿಂದ. "ಎಲ್ರೂ ಇಳುದ್ರೆ ಊರ್ ಕಾಯೋರ್ಯಾರು? ನನ್ ಮಗ್ಳು ಆಡ್ತಾವ್ಳೆ, ನಾನೇ ಕಾಯ್ಬೇಕು. ಗೋಲ್ ಒಡುದ್ರೆ ಪಟಾಕಿ ಸಿಡ್ಸಿ. ಇಲ್ಲಿಂದ್ಲೇ ಕೇಳುಸ್ಕತೀನಿ."

"ಏನಾದ್ರೂ ಕಂಡ್ರೆ ಊದು ಸಿದ್ದಪ್ಪ."

"ಊದ್ತೀನಿ ಬುಡಿ. ನೀವಿದ್ದೀರಲ್ಲ ಕೇಳೋಕೆ."

ಹಿಂತಿರುಗುವಾಗ ಮೇಡಂ ನಿಧಾನಕ್ಕೆ ಹೆಜ್ಜೆ ಹಾಕಿದರು. ಎರಡು ಸಲ ನಿಂತು ಹಿಂದಕ್ಕೆ ನೋಡಿದರು.

ಆಟ ಶುರುವಾಯಿತು. ಮೊದಲ ಸೀಟಿಗೆ ಇಡೀ ಊರು ಬೆಚ್ಚಿತು. ಮಕ್ಕಳು ಅರ್ಧ ಎದ್ದವು. ಒಬ್ಬ ಮುದುಕಿ ಮೊಮ್ಮಗುವನ್ನು ಬಾಚಿಕೊಂಡು ಶಾಲೆಯ ಬಾಗಿಲ ತನಕ ಹೋಗಿ ಬಂದಳು. ಜನ ಒಬ್ಬರನ್ನೊಬ್ಬರು ನೋಡಿ ನಕ್ಕರು. ಎರಡನೆಯ ಸೀಟಿಗೆ ಕಡಿಮೆ ಜನ ಬೆಚ್ಚಿದರು. ಅರ್ಧ ಆಟ ಮುಗಿಯುವಷ್ಟರಲ್ಲಿ ಯಾರೂ ಬೆಚ್ಚುತ್ತಿರಲಿಲ್ಲ. ಯಾರೋ ಸದ್ದು ಏರಿಸಿದ್ದರು. ಅಜ್ಜ ಮುತ್ತಾತರ ಕಾಲದಿಂದ ಕಿವಿಯಲ್ಲಿಟ್ಟುಕೊಂಡು ಬಂದದ್ದನ್ನು ಒಂದು ಊರು ಅಷ್ಟು ಬೇಗ ಮರೆಯಬಹುದು ಎಂದು ನಾನು ಅಂದುಕೊಂಡಿರಲಿಲ್ಲ.

ಮೇಡಂ ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ಪರದೆ ಮೂಡಲಿಗೆ ಇದ್ದದ್ದರಿಂದ ಕಾಡಿಗೆ ಬೆನ್ನು ಹಾಕಿ ಕೂತಿದ್ದರು. ಹಾಗೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಮೊದಲರ್ಧ ಪೂರ್ತಿ ಅವರು ಕತ್ತು ತಿರುಗಿಸಿ ತಿರುಗಿಸಿ ಹಿಂದಕ್ಕೆ ಕಿವಿ ಕೊಡುತ್ತಿದ್ದರು. ಎರಡನೆಯ ಅರ್ಧದಲ್ಲಿ ತಿರುಗುವುದು ನಿಂತಿತು. ಪವಿತ್ರ ಚೆನ್ನಾಗಿ ಆಡುತ್ತಿದ್ದಳು. ಮೇಡಂ ಮಡಿಲಲ್ಲಿ ಕೈ ಬಿಗಿಹಿಡಿದು, ಬಾಯಿ ಸ್ವಲ್ಪ ತೆರೆದು, ಚಿಕ್ಕ ಮಗುವಿನ ಹಾಗೆ ನೋಡುತ್ತಿದ್ದರು. ಬೆಳಕು ಮಾಸುತ್ತ ಬಂದಿತ್ತು.

ಆಗ ಚೆಂಡು ಎಡಗಡೆಯಿಂದ ಬಂತು. ಪವಿತ್ರ ಇಬ್ಬರ ನಡುವೆ ನುಸುಳಿದಳು. ಜನ ಎದ್ದು ನಿಂತರು. ಅಷ್ಟರಲ್ಲಿ ಒಂದು ಸೀಟಿ ಕೇಳಿಸಿತು, ಉದ್ದನೆಯದು. ಅವಳು ನಿಲ್ಲದೆ ಒದ್ದಳು, ಚೆಂಡು ಬಲೆಗೆ ಬಿತ್ತು.

"ತೂ, ಸೀಟಿ ಊದ್ಬುಟ್ನಲ್ಲೋ. ಆಫ್‌ಸೈಡು, ಗೋಲ್ ಕೊಡಕಿಲ್ಲ," ಎಂದು ಮುಂದಿದ್ದವನು ತಲೆ ಚಚ್ಚಿಕೊಂಡ. ಎಲ್ಲರೂ ಅಯ್ಯೋ ಎಂದರು. ಮೇಡಮ್ಮೂ ಅಯ್ಯೋ ಎಂದರು. ನನಗೆ ಅದು ಸ್ಪಷ್ಟವಾಗಿ ನೆನಪಿದೆ.

ಆದರೆ ಪರದೆಯ ಮೇಲೆ ಹುಡುಗಿಯರು ಪವಿತ್ರಳ ಮೇಲೆ ಬಿದ್ದು ತಬ್ಬಿಕೊಳ್ಳುತ್ತಿದ್ದರು. ಮೂಲೆಯಲ್ಲಿದ್ದ ಸೊನ್ನೆ ಒಂದಾಯಿತು. ಗೋಲು ಕೊಟ್ಟಿದ್ದರು. ಊರಿಗೆ ಅದು ಅರ್ಥವಾಗಿ ಒಮ್ಮೆಗೇ ಕೂಗಿತು. ಗೇಟಿನ ಬಳಿ ಹುಡುಗರು ಪಟಾಕಿ ಸರಕ್ಕೆ ಬೆಂಕಿ ಇಟ್ಟರು. ರಾಜಮ್ಮನನ್ನು ಹೆಂಗಸರು ಎತ್ತಿಕೊಂಡರು. ನಾನೂ ಕುಣಿದೆ.

ಪಕ್ಕಕ್ಕೆ ತಿರುಗಿದರೆ ಮೇಡಂ ನಿಂತಿದ್ದರು, ಬೆರಳು ಎತ್ತಿಕೊಂಡು. ಆ ಗದ್ದಲದಲ್ಲಿ ಅದನ್ನು ನೋಡಿದವರು ಯಾರೂ ಇಲ್ಲ. ಜನರನ್ನು ತಳ್ಳಿಕೊಂಡು ಹೋಗಿ ಸೌಂಡ್ ಬಾಕ್ಸಿನ ವೈರು ಕಿತ್ತರು. "ಏ ಮೇಡಮ್ಮ, ಏನ್ ಮಾಡ್ತಿದ್ದೀರಿ," ಎಂದು ಹುಡುಗರು ಏರಿ ಬಂದರು. ಮೇಡಂ ಎರಡು ಚಪ್ಪಾಳೆ ತಟ್ಟಿದರು. ಆ ಊರಿನ ಅರ್ಧ ಜನ ಅವರ ಕೈಯಲ್ಲಿ ಕಲಿತವರು. ಎಲ್ಲ ಸುಮ್ಮನಾದರು.

"ಗೋಲು ಕೊಟ್ಟವ್ರೆ," ಎಂದರು. ದನಿ ಬಹಳ ಸಣ್ಣಗಿತ್ತು. "ಅಂದ್ಮೇಲೆ ಸೀಟಿ ಊದಿದ್ದು ಯಾರು?"

ಪಟಾಕಿ ಮುಗಿದಿತ್ತು. ಪರದೆಯ ಮೇಲೆ ಹುಡುಗಿಯರು ಸದ್ದಿಲ್ಲದೆ ಓಡಾಡುತ್ತಿದ್ದರು. ನಾವೆಲ್ಲ ಪಡುವಲ ಕಡೆ ಕಿವಿ ಕೊಟ್ಟು ನಿಂತೆವು. ಇನ್ನೊಂದು ಸೀಟಿ ಬರಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಬರಲಿಲ್ಲ.

ಓಡಿದೆವು. ಅಟ್ಟಣೆಯ ಒಂದು ಕಾಲು ಮುರಿದಿತ್ತು. ಆನೆಗಳು ಇರಲಿಲ್ಲ, ಮಲಗಿದ ರಾಗಿ ಇತ್ತು. ಸಿದ್ದಪ್ಪನಿಗೆ ಇನ್ನೂ ಉಸಿರಿತ್ತು. ಯಾರದೋ ಕಾರಿನಲ್ಲಿ ಹಾಕಿಕೊಂಡು ಹೊರಟೆವು, ಹನೂರು ಸಿಗುವ ಮುಂಚೆಯೇ ಉಸಿರು ನಿಂತುಹೋಯಿತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಪವಿತ್ರ ಮರುದಿನ ಬಂದಳು. ಫೈನಲ್ ಅವಳಿಲ್ಲದೆ ನಡೆಯಿತು. ನಮ್ಮ ತಂಡ ಗೆದ್ದಿತಂತೆ. ಊರಿನಲ್ಲಿ ಯಾರೂ ನೋಡಲಿಲ್ಲ, ಪರದೆಯನ್ನು ಆ ಸಂಜೆಯೇ ಬಿಚ್ಚಿದ್ದರು.

ಊರು ಮೇಡಂ ಮೇಲೆ ತಪ್ಪು ಹೊರಿಸಲಿಲ್ಲ. ಸದ್ದು ಬೇಡವೆಂದವರೇ ಅವರು, ಮೊದಲು ಎದ್ದವರೂ ಅವರೇ. ಆದರೆ ಅವರು ಒಪ್ಪಲಿಲ್ಲ. ಸ್ಟಾಫ್ ರೂಮಿನಲ್ಲಿ ಮೊಬೈಲನ್ನು ಕಿವಿಗೆ ಒತ್ತಿ ಆ ಗೋಲನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಚೆಂಡು ಬಲೆ ಸೇರುವ ಮುಂಚೆ ಆ ವಿಡಿಯೋದಲ್ಲಿ ಎಲ್ಲಾದರೂ ಒಂದು ಸೀಟಿ ಸಿಕ್ಕೀತೇ ಎಂದು ಹುಡುಕುತ್ತಿದ್ದರು. ಸಿಕ್ಕರೆ, ಅವರು ಕೇಳಿದ್ದು ಅದೇ ಎಂದಾಗುತ್ತಿತ್ತು.

"ಇಲ್ಲ ಮೇಷ್ಟ್ರೇ," ಎಂದರು ಒಂದು ದಿನ, ಮೊಬೈಲು ಕೆಳಗಿಟ್ಟು. "ಇದ್ರಲ್ಲಿ ಸೀಟಿನೇ ಇಲ್ಲ. ನಾನ್ ಕೇಳಿದ್ದು ಸಿದ್ದಪ್ಪುಂದೇ. ಕೇಳೀನೂ ಆಟುದ್ದು ಅನ್ಕಂಡೆ. ಆ ಮಗೀಗೆ ಕಲುಸ್ತಾ ಕಲುಸ್ತಾ ನನ್ ಕಿವೀನೂ ಕಲ್ತ್ಬುಡ್ತು."

ನಾನು ನನ್ನ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡೆ. ಅವರ ಹಾಗೆ ಕಿಟಕಿಯ ಕಡೆ ನೋಡುತ್ತ ಕೂತೆ.

ಪವಿತ್ರ ತಿರುಗಿ ತಂಡಕ್ಕೆ ಹೊರಡುವ ದಿನ ನಾನೂ ಅಲ್ಲಿದ್ದೆ. ಮೇಡಂ ಕೈ ಹಿಡಿದುಕೊಂಡು ಹುಡುಗಿ ಒಂದೇ ಮಾತು ಕೇಳಿತು. "ಪಟಾಕಿ ಸದ್ದು ನಮ್ಮಪ್ಪುನ್ಗೆ ಕೇಳುಸ್ತಾ ಮೇಡಂ? ನಾನ್ ಗೋಲ್ ಒಡ್ದಿದ್ದು ಗೊತ್ತಾಯ್ತಾ?"

ಬೇರೆ ಯಾರಾಗಿದ್ದರೂ ಹೌದು ಎನ್ನುತ್ತಿದ್ದರು. ನಾನಂತೂ ಎರಡು ಸಲ ಎನ್ನುತ್ತಿದ್ದೆ.

"ಗೊತ್ತಿಲ್ಲ ಕಣ್ ಕೂಸೇ," ಎಂದರು ಮೇಡಂ. "ನಂಗೂ ಅದೇ ಯೋಚ್ನೆ." ಇಬ್ಬರೂ ಹಾಗೇ ನಿಂತಿದ್ದರು, ಕಂಡಕ್ಟರು ಬಸ್ಸಿನ ಮೈ ತಟ್ಟುವ ತನಕ. ಸುಳ್ಳು ಹೇಳದ ಆ ಹೆಂಗಸಿನ ಮೇಲೆ ಅವತ್ತು ನನಗೆ ಕೋಪವೂ ಬಂತು, ಕಣ್ಣೀರೂ ಬಂತು.

ಅದಾಗಿ ಕೆಲವು ವರ್ಷಕ್ಕೆ ಅವರ ನಿವೃತ್ತಿ. ಅಷ್ಟರಲ್ಲಿ ನಿವೃತ್ತನಾಗಿದ್ದ ನಾನು ಬೀಳ್ಕೊಡುಗೆಗೆ ಕೊಳ್ಳೇಗಾಲದಿಂದ ಹೋಗಿದ್ದೆ. ಹೆಡ್‌ಮಾಸ್ಟರು ಹೊಸಬರು, ಒಳ್ಳೆಯವರು, ಏನೂ ತಿಳಿಯದವರು. ಮೈಸೂರಿನಿಂದ ತರಿಸಿದ ಉಡುಗೊರೆ ಎಂದು ಮಖಮಲ್ಲಿನ ಡಬ್ಬಿ ತೆರೆದು ಎತ್ತಿ ತೋರಿಸಿದರು. ಒಳಗೆ ಪಳಪಳ ಹೊಳೆಯುವ ಸೀಟಿ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೊನೆಯ ಸಾಲಿನಿಂದ ರಾಜಮ್ಮ ಎದ್ದು ಹೊರಗೆ ಹೋದಳು.

ಮೇಡಂ ಡಬ್ಬಿ ತೆಗೆದುಕೊಂಡು, ನಮಸ್ಕಾರ ಮಾಡಿ, ಆಕೆಯ ಹಿಂದೆಯೇ ಹೋದರು, ನಾನೂ ಹೋದೆ. ಮೈದಾನದ ಕಲ್ಲಿನ ಬಳಿ ರಾಜಮ್ಮ ನಿಂತಿದ್ದಳು. ಸಿದ್ದಪ್ಪ ಹೋದ ಮೇಲೆ ಆ ಅಟ್ಟಣೆ ಹತ್ತುತ್ತಿದ್ದವಳು ಅವಳೇ, ಗಂಡನ ಹಳೇ ತುಕ್ಕಿನ ಸೀಟಿ ಹಿಡಿದು. ಮೇಡಂ ಹೊಸದನ್ನು ಅವಳ ಕೊರಳಿಗೆ ಹಾಕಿದರು.

"ಒಂದ್ಸಲ ಊದಿ ಸುಮ್ನಾಗ್ಬ್ಯಾಡ ಕಣಮ್ಮಿ. ಯಾರಾದ್ರೂ ಬರೋಗಂಟ ಊದ್ತಾನೇ ಇರು."

"ನೀವ್ ಯಳಂದೂರ್ಗೆ ಓಯ್ತೀರಿ," ಎಂದಳು ರಾಜಮ್ಮ. "ಊದೋಕ್ ನಾನಿವ್ನಿ. ಕೇಳೋಕ್ ಯಾರವ್ರೆ?"

ಸಂಜೆಯ ಬಸ್ಸಿಗೆ ಮೇಡಂ ಟ್ರಂಕು, ಹಾಸಿಗೆ ಎಲ್ಲ ಕಟ್ಟಿ ಇಟ್ಟಿದ್ದರು. ಬಸ್ಸು ಬಂತು, ನಾನು ಹತ್ತಿದೆ. ಅವರು ಹತ್ತಲಿಲ್ಲ. ಮೈದಾನದ ಪಕ್ಕದ ಆ ಬಾಡಿಗೆ ಮನೆಯಲ್ಲೇ ಉಳಿದರು. ಟಿ.ವಿ. ಇಡಲಿಲ್ಲ, ರೇಡಿಯೋ ಇಡಲಿಲ್ಲ. ಸಂಜೆಯಾದರೆ ಮೈದಾನದ ಗೇಟಿಗೆ ಹೋಗಿ ಎರಡು ಚಪ್ಪಾಳೆ ತಟ್ಟಿ ಆಡುವ ಹುಡುಗಿಯರನ್ನು ಮನೆಗೆ ಕಳಿಸುವುದು, ಆಮೇಲೆ ಪಡುವಲಿಗೆ ಮುಖ ಮಾಡಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು. ಹಾಗೆ ಕೂತೇ ಎಷ್ಟೋ ಸಲ ಊರನ್ನು ಎಬ್ಬಿಸಿದರು. ಹಾಗೆ ಕೂತೇ ಹೋದರು.

ಮಣ್ಣು ಯಳಂದೂರಿನಲ್ಲಿ ಆಯಿತು. ಪವಿತ್ರ ಬಂದು ಮಣ್ಣು ಹಾಕಿ ಹೋದಳು. ನನಗೆ ಮನಸ್ಸು ತಡೆಯದೆ ಕೆಲವು ದಿನ ಬಿಟ್ಟು ಆ ಊರಿಗೆ ಹೋದೆ. ಮೇಡಂ ಮನೆಗೆ ಬೀಗ ಬಿದ್ದಿತ್ತು, ಕುರ್ಚಿ ಜಗಲಿಯಲ್ಲೇ ಇತ್ತು. ಬಸ್ಸಿಗೆ ಹೊತ್ತಿತ್ತು, ಆ ಕುರ್ಚಿಯಲ್ಲೇ ಕೂತೆ. ಎದುರಿಗೆ ಹುಡುಗಿಯರು ಆಡುತ್ತಿದ್ದರು. "ಇಂಗೆ, ಇಂಗೆ" ಎಂಬ ಕೂಗು. ಹೊಸ ಪಿ.ಟಿ. ಮೇಷ್ಟ್ರು ಚಿಕ್ಕ ವಯಸ್ಸಿನವರು, ಹುರುಪಿನವರು. ಮಾತುಮಾತಿಗೆ ಸೀಟಿ ಊದುತ್ತಿದ್ದರು. ಒಬ್ಬಳೂ ಬೆಚ್ಚಲಿಲ್ಲ. ನಾನು ಮಾತ್ರ ಪ್ರತಿ ಸಲವೂ ಕುರ್ಚಿಯಿಂದ ಅರ್ಧ ಎದ್ದೆ. ಕೊನೆಗೆ ಹೋಗಿ, ಈ ಊರಿನಲ್ಲಿ ಸೀಟಿ ಊದಬಾರದೆಂದು ಹೇಳಿದೆ.

"ಗೊತ್ತು ಸಾರ್, ಎಲ್ಲರೂ ಹೇಳ್ತಾರೆ," ಎಂದರು ಮರ್ಯಾದೆಯಿಂದಲೇ. "ಆದ್ರೆ ಸೀಟಿ ಕೇಳಿದ್ರೆ ಓಡೋ ಮಕ್ಳನ್ನ ಇಟ್ಕೊಂಡು ನಾನು ಯಾವ ಟೂರ್ನಮೆಂಟ್‌ಗೆ ಹೋಗ್ಲಿ? ಇನ್ನೊಬ್ಬಳು ಪವಿತ್ರ ಬರ್ಬೇಡ್ವಾ?" ಅವರು ಹೇಳಿದ್ದೂ ಸರಿಯೇ. ನಾನು ವಾಪಸು ಬಂದು ಕೂತೆ.

ಸೂರ್ಯ ಬೆಟ್ಟ ಮುಟ್ಟಿದ. ಚಪ್ಪಾಳೆ ತಟ್ಟುವವರಿಲ್ಲದೆ ಆಟ ನಡೆದೇ ಇತ್ತು. ಒಂದು ಸೀಟಿ ಕೇಳಿಸಿತು. ಹುಡುಗಿಯರು ಆಟ ನಿಲ್ಲಿಸಿ ಮೇಷ್ಟ್ರ ಕಡೆ ನೋಡಿದರು, ಯಾರದೋ ಫೌಲು ಎಂದುಕೊಂಡು. ಮೇಷ್ಟ್ರು ಬಗ್ಗಿ ಶೂ ದಾರ ಕಟ್ಟಿಕೊಳ್ಳುತ್ತಿದ್ದರು. ಅವರ ಸೀಟಿ ಕೊರಳಲ್ಲಿ ಸುಮ್ಮನೆ ತೂಗುತ್ತಿತ್ತು. ಹುಡುಗಿಯರು ಮತ್ತೆ ಆಡತೊಡಗಿದರು.

ನಾನು ಕುರ್ಚಿಯಿಂದ ಎದ್ದದ್ದು, ಮೈದಾನಕ್ಕೆ ಓಡಿದ್ದು ನನಗೆ ಸರಿಯಾಗಿ ನೆನಪಿಲ್ಲ. ಎರಡು ಚಪ್ಪಾಳೆ ತಟ್ಟಿದೆ. ಹುಡುಗಿಯರು ನಿಂತ ನಿಂತಲ್ಲೇ ನಿಂತರು. ನನ್ನ ಬೆರಳು ಮೇಲೆ ಎದ್ದಿತ್ತು.

ಪಡುವಲಿಂದ ಮತ್ತೆ ಬಂತು, ಉದ್ದನೆಯದು. ಅದು ಮುಗಿಯುವ ಮುಂಚೆ ಇನ್ನೊಂದು. ಈಗ ಎಲ್ಲರಿಗೂ ಕೇಳಿಸಿತು. ಹುಡುಗಿಯರು ಮನೆಮನೆಗೆ ಓಡಿ ಜನರನ್ನು ಎಬ್ಬಿಸಿದರು. ಪಟಾಕಿ, ತಮಟೆ, ಬ್ಯಾಟರಿ ಹಿಡಿದು ಊರು ಹೊರಟಿತು. ಸಣ್ಣ ಮೇಷ್ಟ್ರು ನನಗಿಂತ ಮುಂದೆ ಓಡುತ್ತಿದ್ದರು.

ಹೊಲದಲ್ಲಿ ರಾಗಿ ಅರ್ಧ ಮಲಗಿತ್ತು. ಗದ್ದಲಕ್ಕೆ ಹಿಂಡು ಕಂದಕದ ಕಡೆ ಸರಿಯಿತು. ಅಟ್ಟಣೆಯ ಮೇಲೆ ರಾಜಮ್ಮ ಕಂಬ ತಬ್ಬಿಕೊಂಡು, ಕಣ್ಣು ಮುಚ್ಚಿ, ಊದುತ್ತಿದ್ದಳು. "ರಾಜಮ್ಮ, ಬಂದ್ವಿ, ಇಳಿ," ಎಂದು ಕೆಳಗಿನಿಂದ ಎಲ್ಲರೂ ಕೂಗಿದರು. ನಾನೂ ಕೂಗಿದೆ. ಅವಳು ಊದುತ್ತಲೇ ಇದ್ದಳು. ಒಬ್ಬ ಹುಡುಗಿ ಏಣಿ ಹತ್ತಿ ಹೋಗಿ ಅವಳ ಬಾಯಿಂದ ಸೀಟಿ ತೆಗೆಯಬೇಕಾಯಿತು.